ಪೊಲೀಸರೇ ಇಲ್ಲದ ಊರಿನ ಲಾರ್ಡ್ ಪತ್ತೇದಾರ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಗ್ಲಿಷಿನ ಐತಿಹಾಸಿಕ ಪತ್ತೇದಾರಿ ಸರಣಿಗಳ ಬಗ್ಗೆ ಬಂದ ಲೇಖನ ಓದಿದೆ. ಇನ್ನೂರು ವರ್ಷ ಹಿಂದಿನ ಲಂಡನ್, ಅಲ್ಲಿ ಸಾಲು ಸಾಲು ಕೊಲೆ, ಅವನ್ನು ಪತ್ತೆಹಚ್ಚೋಕೆ ಒಬ್ಬ ಅರ್ಲ್‌ನ, ಅಂದರೆ ದೊಡ್ಡ ಬಿರುದಿನ ಲಾರ್ಡ್‌ನ, ಮಗ. ಇಂಥ ಪುಸ್ತಕಗಳೆಲ್ಲ ಸಿರಿವಂತರ ಭಜನೆ ಅನ್ನೋದು ಲೇಖಕರ ವಾದ. ಕುದುರೆಗಾಡಿ, ರೇಷ್ಮೆ ಕೋಟು, ಬಂಗಲೆ ತೋರಿಸಿ ಓದುಗರನ್ನು ಮರುಳು ಮಾಡುತ್ತಾರಂತೆ. ಅಷ್ಟೇ ಆಗಿದ್ದರೆ ನಕ್ಕು ಪುಟ ತಿರುಗಿಸುತ್ತಿದ್ದೆ. ಆದರೆ ಕೊಲೆ ತನಿಖೆಗೆ ಪೊಲೀಸರಿದ್ದಾರಲ್ಲ, ಈ ಲಾರ್ಡ್‌ಗೆ ಅಲ್ಲೇನು ಕೆಲಸ ಅಂತ ಬೇರೆ ಕೇಳಿದ್ದಾರೆ. ಅಲ್ಲಿ ನನಗೆ ತಡೆಯಲಾಗಲಿಲ್ಲ. ಪೊಲೀಸರು ಎಲ್ಲಿದ್ದರು ಸ್ವಾಮಿ?

ನಾನು ಕ್ರಿಮಿನಲ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ಮುದ್ದೆಮಾಲಿಗೆ, ಅಂದರೆ ಕೇಸಿನಲ್ಲಿ ವಶಪಡಿಸಿಕೊಂಡ ವಸ್ತುಗಳಿಗೆ, ಚೀಟಿ ಅಂಟಿಸಿದ್ದು, ಸಾಕ್ಷಿಗಳನ್ನು ಕೂಗಿಸಿದ್ದು, ಮಹಜರಿನ ಕೆಟ್ಟ ಕೈಬರಹ ಓದಿದ್ದು, ಇದೇ ನನ್ನ ಜೀವಮಾನದ ಕೆಲಸ. ನಿವೃತ್ತಿ ಆದಮೇಲೂ ಕೊಲೆ ಕೇಸು ಓದ್ತೀರಲ್ಲ ಅಂತ ಮನೆಯವರು ರೇಗಿಸುತ್ತಾರೆ. ಏನು ಮಾಡೋದು, ರೂಢಿ. ಸದ್ಯ ಓದುತ್ತಿರುವ ಸರಣಿ 1811ರ ಲಂಡನ್‌ನಲ್ಲಿ ಶುರುವಾಗುತ್ತದೆ. ಹೆಸರು ಬರೆಯುವುದಿಲ್ಲ, ಪತ್ರ ಜಾಹೀರಾತು ಆಗೋದು ಬೇಡ. ಇದೇ ಕಾಲದ, ಇದೇ ಬಗೆಯ ಸರಣಿಗಳು ಬೇಕಾದಷ್ಟಿವೆ, ನಾನು ಹೇಳೋದು ಎಲ್ಲಕ್ಕೂ ಹೊಂದುತ್ತದೆ.

ಆ ವರ್ಷವನ್ನು ಮೊದಲು ನೋಡಿ. ದೊರೆ ಮೂರನೇ ಜಾರ್ಜ್‌ಗೆ ಬುದ್ಧಿ ಸ್ಥಿಮಿತ ತಪ್ಪಿ, 1811ರ ಫೆಬ್ರವರಿಯಲ್ಲಿ ಮಗ ರೀಜೆಂಟ್, ಅಂದರೆ ದೊರೆಯ ಬದಲು ರಾಜ್ಯ ನೋಡಿಕೊಳ್ಳುವವನು, ಆದ. ಆಚೆ ನೆಪೋಲಿಯನ್ ಜೊತೆ ಯುದ್ಧ. ಲಂಡನ್ನಿನ ಜನಸಂಖ್ಯೆ ಆಗಲೇ ಹತ್ತು ಲಕ್ಷ. ಇಷ್ಟು ದೊಡ್ಡ ಊರಿಗೆ ಒಂದು ಪೊಲೀಸ್ ಪಡೆ ಇರಲಿಲ್ಲ. ಗೃಹಮಂತ್ರಿ ರಾಬರ್ಟ್ ಪೀಲ್ ಅದನ್ನು ಕಟ್ಟಿದ್ದು 1829ರಲ್ಲಿ. ಪತ್ತೇದಾರಿ ವಿಭಾಗ ಅಂತ ಬಂದದ್ದು 1842ರಲ್ಲಿ. ಅದಕ್ಕೆ ಮೊದಲು ಪ್ಯಾರಿಷ್‌ಗೊಬ್ಬ (ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ವಠಾರ) ಸಂಬಳವಿಲ್ಲದ ಕಾನ್‌ಸ್ಟೆಬಲ್, ರಾತ್ರಿ ಲಾಟೀನು ಹಿಡಿದು ಗಂಟೆ ಎಷ್ಟಾಯಿತು ಅಂತ ಕೂಗುವ ಮುದಿ ಕಾವಲುಗಾರರು, ಕೆಲವು ಮ್ಯಾಜಿಸ್ಟ್ರೇಟ್ ಕಚೇರಿಗಳು. ಥೇಮ್ಸ್ ನದಿಗೆ ಮಾತ್ರ 1798ರಿಂದ ಒಂದು ಕಾವಲು ಪಡೆ ಇತ್ತು. ಅದೂ ಹಡಗಿನ ಸರಕು ಕದಿಯದಂತೆ ನೋಡಿಕೊಳ್ಳೋಕೆ. ಸರಕಿಗೆ ಸಿಕ್ಕ ಕಾವಲು ಮನುಷ್ಯರಿಗೆ ಸಿಗಲಿಲ್ಲ.

ಬೋ ಸ್ಟ್ರೀಟ್ ರನ್ನರ್‌ಗಳು, ಅಂದರೆ ಬೋ ಸ್ಟ್ರೀಟ್ ಮ್ಯಾಜಿಸ್ಟ್ರೇಟ್ ಕಚೇರಿಯ ಕಳ್ಳರನ್ನು ಹಿಡಿಯುವವರು, ಇದ್ದರಲ್ಲ ಅನ್ನಬಹುದು. ಇದ್ದರು, 1749ರಲ್ಲಿ ಅಲ್ಲಿನ ಮ್ಯಾಜಿಸ್ಟ್ರೇಟ್, ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್ ಶುರು ಮಾಡಿದ್ದು. ಆದರೆ ಬೆರಳೆಣಿಕೆಯ ಜನ. ಅವರ ಜೀವನ ನಡೆಯುತ್ತಿದ್ದುದು ಸಂಬಳಕ್ಕಿಂತ ಜಾಸ್ತಿ ಭಕ್ಷೀಸಿನಿಂದ. ನಿಮ್ಮ ಮನೆಯಲ್ಲಿ ಕಳವಾಯಿತು, ಕೊಲೆಯಾಯಿತು ಅಂದರೆ ದಿನಕ್ಕೆ ಒಂದು ಗಿನಿ, ಅದರ ಮೇಲೆ ಖರ್ಚು ಕೊಟ್ಟು ಅವರನ್ನು ಕರೆಸಿಕೊಳ್ಳಬೇಕು. ಗಿನಿ ಅಂದರೆ 21 ಶಿಲಿಂಗ್. ಅಷ್ಟು ಎಣಿಸಲಾಗದವರ ಮನೆಯ ಹೆಣಕ್ಕೆ ತನಿಖೆ ಎಲ್ಲಿಂದ ಬರಬೇಕು? ಇದರ ಜೊತೆಗೆ ಗಂಭೀರ ಅಪರಾಧದಲ್ಲಿ ಒಬ್ಬನಿಗೆ ಶಿಕ್ಷೆ ಕೊಡಿಸಿದರೆ ಸರ್ಕಾರದಿಂದ 40 ಪೌಂಡ್ ಬಹುಮಾನ ಇತ್ತು. ಈ ದುಡ್ಡಿನ ಆಸೆಗೆ ಹಿಡಿಯುವವರೇ ಬಡವರನ್ನು ಪುಸಲಾಯಿಸಿ ಅಪರಾಧ ಮಾಡಿಸಿ, ಆಮೇಲೆ ಹಿಡಿದು ಕೊಟ್ಟ ಹಗರಣ 1816ರಲ್ಲಿ ಬಯಲಾಯಿತು. ಬಹುಮಾನ ನಿಂತದ್ದು 1818ರಲ್ಲಿ. ಸರ್ಕಾರಿ ವಕೀಲರೂ ಇಲ್ಲ. ಸತ್ತವನ ಕಡೆಯವರೇ ಕೈಯಿಂದ ಖರ್ಚು ಹಾಕಿ ಕೇಸು ನಡೆಸಬೇಕು.

ಇಂಥ ಊರಿನಲ್ಲಿ ಒಬ್ಬ ಬಡ ಹುಡುಗಿ ಕೊಲೆಯಾದರೆ ಅದರ ಬೆನ್ನು ಹತ್ತಲು ಯಾರಿಗೆ ಸಾಧ್ಯ ಅಂತ ಕಾದಂಬರಿಕಾರ ಯೋಚಿಸಬೇಕಲ್ವಾ? ದುಡಿಯದೇ ಊಟ ಸಿಗುವವನು, ಬಿಡುವು ಇರುವವನು, ದೊಡ್ಡ ಮನೆಯ ಬಾಗಿಲು ತಟ್ಟಿದರೆ ಒಳಗೆ ಬಿಟ್ಟುಕೊಳ್ಳುವಂಥವನು ಬೇಕು. ಲೆಕ್ಕ ಹಾಕಿದರೆ ಲಾರ್ಡ್‌ನ ಮಗನೇ ಸಿಗೋದು. ಅವನ ಕುದುರೆಗಾಡಿ ಶೋಕಿಗೆ ಇರಬಹುದು, ಆದರೆ ಅವನ ಬಿರುದು ಕಥೆಯ ಯಂತ್ರದಲ್ಲಿ ಒಂದು ಹಲ್ಲು. ಅದನ್ನು ತೆಗೆದರೆ ತನಿಖೆ ಮುಂದೆ ಸಾಗಲ್ಲ.

ಇದು ನನ್ನ ಊಹೆಯಲ್ಲ ಅನ್ನೋಕೆ ಒಂದು ನಿಜವಾದ ಕೇಸು ಹೇಳುತ್ತೇನೆ. ಅದೇ 1811ರ ಡಿಸೆಂಬರ್ 7ರ ರಾತ್ರಿ. ಲಂಡನ್ನಿನ ಪೂರ್ವಕ್ಕೆ, ಹಡಗುಕಟ್ಟೆಯ ಹತ್ತಿರ ರಾಟ್‌ಕ್ಲಿಫ್ ಹೈವೇ ಅನ್ನುವ ಬೀದಿ. ಟಿಮೊತಿ ಮಾರ್ ಅನ್ನುವ ಬಟ್ಟೆ ವ್ಯಾಪಾರಿ ಅಂಗಡಿ ಮುಚ್ಚುವ ಹೊತ್ತಿಗೆ ಕೆಲಸದ ಹುಡುಗಿಯನ್ನು ತಿನ್ನೋಕೆ ಆಯ್‌ಸ್ಟರ್ (ಸಿಂಪಿ) ತರಲು ಕಳಿಸಿದ. ಹೋಗುವಾಗ ಬೇಕರಿಯವನ ಬಾಕಿ ಕೊಟ್ಟು ಬಾ ಅಂತಲೂ ಹೇಳಿದ್ದ. ಅವಳು ವಾಪಸ್ ಬಂದರೆ ಬಾಗಿಲು ಹಾಕಿದೆ, ಎಷ್ಟು ಬಡಿದರೂ ತೆಗೆಯುವವರಿಲ್ಲ. ಒಳಗೆ ಮಾರ್, ಅವನ ಹೆಂಡತಿ, ತೊಟ್ಟಿಲ ಕೂಸು, ಅಂಗಡಿಯ ಹುಡುಗ, ನಾಲ್ವರೂ ಸತ್ತು ಬಿದ್ದಿದ್ದರು. ಹನ್ನೆರಡು ದಿನ ಕಳೆದು ಹತ್ತಿರದಲ್ಲೇ ಒಂದು ಹೆಂಡದಂಗಡಿಯಲ್ಲಿ ಇನ್ನೂ ಮೂವರು. ಅಲ್ಲಿ ಬಾಡಿಗೆಗಿದ್ದ ಒಬ್ಬ ಹಾಸಿಗೆಯ ಬಟ್ಟೆಗಳನ್ನು ಗಂಟುಹಾಕಿ ಕಿಟಕಿಯಿಂದ ಇಳಿದು ಬದುಕಿಕೊಂಡ.

ಈಗ ತನಿಖೆ ನೋಡಿ. ಮಾರ್ ಮನೆಯಲ್ಲಿ ಒಂದು ದೊಡ್ಡ ಸುತ್ತಿಗೆ ಸಿಕ್ಕಿತು. ಹಡಗಿನ ಬಡಗಿಗಳು ಬಳಸುವಂಥದ್ದು, ರಕ್ತ ಮತ್ತು ಕೂದಲು ಮೆತ್ತಿಕೊಂಡಿದ್ದು. ಅದರ ಲೋಹದ ಮೇಲೆ ಯಾರದೋ ಹೆಸರಿನ ಮೊದಲಕ್ಷರಗಳು ಚುಚ್ಚಿದ್ದವು. ಅದು ಕಣ್ಣಿಗೆ ಬಿದ್ದದ್ದು ಯಾವಾಗ ಗೊತ್ತಾ? ಎರಡನೇ ಕೊಲೆಗಳು ನಡೆಯುವ ಹೊತ್ತಿಗೆ! ಅಲ್ಲಿಯವರೆಗೆ ಯಾರೂ ಅದನ್ನು ಒರೆಸಿ ಸರಿಯಾಗಿ ನೋಡಿರಲಿಲ್ಲ. ಮುದ್ದೆಮಾಲನ್ನು ಹೀಗೆ ಇಟ್ಟಿದ್ದರೆ ನಮ್ಮ ಸಾಹೇಬರು ನನ್ನನ್ನು ಕೋರ್ಟ್ ಹಾಲಿನಲ್ಲೇ ನಿಲ್ಲಿಸಿ ಬೈಯುತ್ತಿದ್ದರು. ಕೊನೆಗೆ ಜಾನ್ ವಿಲಿಯಮ್ಸ್ ಅನ್ನುವ ನಾವಿಕನನ್ನು ಹಿಡಿದರು. ವಿಚಾರಣೆ ಮುಗಿಯುವ ಮೊದಲೇ ಅವನು ಜೈಲಿನಲ್ಲಿ ನೇಣು ಬಿಗಿದುಕೊಂಡ ಸ್ಥಿತಿಯಲ್ಲಿ ಸಿಕ್ಕಿದ. ಸರಿ, ಇವನೇ ಕೊಲೆಗಾರ ಅಂತ ಊರೇ ತೀರ್ಮಾನ ಮಾಡಿತು. ಡಿಸೆಂಬರ್ 31ರಂದು ಹೆಣವನ್ನು ಗಾಡಿಯಲ್ಲಿ ಮೆರವಣಿಗೆ ಮಾಡಿ, ಎದೆಗೆ ಗೂಟ ಹೊಡೆದು, ನಾಲ್ಕು ದಾರಿ ಕೂಡುವಲ್ಲಿ ಹೂತರು. ಸಾಕ್ಷಿಗಳ ಪಾಟೀಸವಾಲು ಇಲ್ಲ, ತೀರ್ಪು ಇಲ್ಲ, ಕೇಸು ಮುಗೀತು. ಅವನೊಬ್ಬನೇ ಮಾಡಿದನೋ, ಮಾಡಿದನೋ ಇಲ್ಲವೋ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ.

ಇಷ್ಟಾದ ಮೇಲಾದರೂ ಪೊಲೀಸ್ ಪಡೆ ಬಂತಾ? ಇಲ್ಲ. 1812ರ ಶುರುವಿನಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆ ಆಯಿತು, ಸಮಿತಿ ಕೂತಿತು, ಎದ್ದು ಹೋಯಿತು. ಪೊಲೀಸ್ ಅಂದರೆ ಫ್ರಾನ್ಸಿನಲ್ಲಿ ನೆಪೋಲಿಯನ್‌ನ ಪೊಲೀಸ್ ಮಂತ್ರಿಯಾಗಿದ್ದ ಫೂಶೆಯ ಗೂಢಚಾರರ ಥರ ಮನೆ ಹೊಕ್ಕು ಕಾಡುವವರು ಅನ್ನುವ ಭಯ ಅವರಿಗೆ. ಆ ಕಾಟಕ್ಕಿಂತ ಮೂರ್ನಾಲ್ಕು ವರ್ಷಕ್ಕೊಮ್ಮೆ ಐದಾರು ಜನರ ಕತ್ತು ಕುಯ್ಯಿಸಿಕೊಳ್ಳೋದೇ ವಾಸಿ ಅನ್ನುವ ಅರ್ಥದಲ್ಲಿ ಆ ಕಾಲದ ಒಬ್ಬ ರಾಜಕಾರಣಿ ಪತ್ರ ಬರೆದಿದ್ದಾನೆ. ಕತ್ತು ಅವನದಲ್ಲ ನೋಡಿ.

ನಿಮ್ಮ ಲೇಖಕರು ಈ ಹಿನ್ನೆಲೆಯನ್ನು ಒಂದು ಸಾಲಿನಲ್ಲೂ ಮುಟ್ಟಿಲ್ಲ. ಹಾಗೆ ಓದಿದರೆ ಲಾರ್ಡ್ ಪತ್ತೇದಾರ ಬರೀ ವೇಷದ ಹಾಗೆ ಕಾಣುತ್ತಾನೆ, ನಿಜ. ಆ ಕಾಲದ ಕಾನೂನನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಕಥೆಯೇ ಬೇರೆ.

ಪೀರ್ ಅಂದರೆ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್, ಈ ಐದರಲ್ಲಿ ಒಂದು ಬಿರುದು ಇದ್ದವನು. ಅವನು ಕೊಲೆ ಮಾಡಿದರೆ ಸಾಮಾನ್ಯ ಕೋರ್ಟಿಗೆ ಬರುತ್ತಿರಲಿಲ್ಲ. ಪಾರ್ಲಿಮೆಂಟಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅವನ ಸರೀಕರೇ ಕೂತು ವಿಚಾರಣೆ ಮಾಡಬೇಕು. ಈ ಪದ್ಧತಿ ರದ್ದಾದದ್ದು 1948ರಲ್ಲಿ. ಬಾಕಿ ಉಳಿಸಿಕೊಂಡ ಅಂತ ಪೀರ್‌ನನ್ನು ಜೈಲಿಗೆ ಹಾಕುವಂತಿರಲಿಲ್ಲ. ಅವನು ದುಡ್ಡು ಕೊಡದೆ ಸತಾಯಿಸಿದ್ದಕ್ಕೆ ಸಾಲದಲ್ಲಿ ಮುಳುಗಿದ ದರ್ಜಿಯನ್ನು ಹಾಕಬಹುದಿತ್ತು. ಆದರೆ ನಮ್ಮ ನಾಯಕ ಅರ್ಲ್‌ನ ಹಿರಿಮಗ. ಅವನ ವೈಕೌಂಟ್ ಬಿರುದು ಮರ್ಯಾದೆಗೆ ಕರೆಯುವಂಥದ್ದು, ಅಪ್ಪನ ಬಿರುದುಗಳಲ್ಲಿ ಒಂದನ್ನು ಎರವಲು ಪಡೆದದ್ದು. ಕಾನೂನಿನ ಕಣ್ಣಿಗೆ ಅವನು ಸಾಮಾನ್ಯ ಪ್ರಜೆ. ಕೊಲೆ ಆರೋಪ ಅವನ ಮೇಲೆ ಬಂದರೆ ಲಂಡನ್ನಿನ ಕ್ರಿಮಿನಲ್ ಕೋರ್ಟ್ ಓಲ್ಡ್ ಬೈಲಿಯಲ್ಲಿ ಜೇಬುಗಳ್ಳರು ನಿಲ್ಲುವ ಕಟಕಟೆಯಲ್ಲೇ ನಿಲ್ಲಬೇಕು. ಅಪ್ಪ ಆ ರಾತ್ರಿ ಸತ್ತರೆ ಬೆಳಗಾಗುವಷ್ಟರಲ್ಲಿ ಅವನ ಹೆಸರೂ ಬದಲು, ವಿಚಾರಣೆ ಮಾಡುವ ಜಾಗವೂ ಬದಲು! ಇಂಥದ್ದೊಂದು ಅಂಶ ಸಿಕ್ಕರೆ ನನಗೆ ಮಧ್ಯಾಹ್ನದ ನಿದ್ದೆ ಹಾರಿಹೋಗುತ್ತದೆ.

ಲಾರ್ಡ್‌ಗಳಿಗೆ ಶಿಕ್ಷೆಯೇ ಆಗುತ್ತಿರಲಿಲ್ಲ ಅಂತ ಅಂದುಕೊಳ್ಳಬೇಡಿ. ಅರ್ಲ್ ಫೆರರ್ಸ್ 1760ರ ಜನವರಿಯಲ್ಲಿ ತನ್ನ ಎಸ್ಟೇಟಿನ ಲೆಕ್ಕ ನೋಡುವ ಮುದುಕ ಜಾನ್ಸನ್‌ನನ್ನು ಗುಂಡಿಟ್ಟು ಕೊಂದ. ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಲಾರ್ಡ್‌ಗಳು ಕೂತು ತಪ್ಪಿತಸ್ಥ ಅಂದರು. ತನಗೆ ಹುಚ್ಚು ಅಂತ ಅವನೇ ಎದ್ದು ನಿಂತು ವಾದ ಮಾಡಬೇಕಾಯಿತು, ಯಾಕೆಂದರೆ ಇಂಥ ಕೇಸುಗಳಲ್ಲಿ ಆರೋಪಿಯ ಪರವಾಗಿ ವಕೀಲ ವಾದ ಮಂಡಿಸುವಂತಿರಲಿಲ್ಲ. ತಲೆ ಸರಿಯಿಲ್ಲ ಅಂತ ತಲೆ ಉಪಯೋಗಿಸಿ ಸಾಕ್ಷಿಗಳನ್ನು ಪ್ರಶ್ನಿಸಬೇಕು! ಮದುವೆಯ ಬಟ್ಟೆ ತೊಟ್ಟು, ತನ್ನದೇ ಗಾಡಿಯಲ್ಲಿ ಕೂತು ಲಂಡನ್ನಿನ ಗಲ್ಲಿನ ಜಾಗ ಟೈಬರ್ನ್‌ಗೆ ಹೋದ. ಗಲ್ಲಿಗೆ ಹಾಕಿದ ಮೇಲೆ ಹೆಣ ಶಸ್ತ್ರವೈದ್ಯರ ಪಾಲಾಯಿತು. ಕೊಲೆಗಾರರ ಹೆಣವನ್ನು ಮಣ್ಣು ಮಾಡಬಾರದು, ಕೊಯ್ಯಲು ಕೊಡಬೇಕು ಇಲ್ಲವೇ ಸರಪಳಿಯಲ್ಲಿ ತೂಗುಹಾಕಬೇಕು ಅನ್ನುವ ಕಾನೂನು 1752ರಿಂದ ಇತ್ತು.

ವಕೀಲರ ಈ ವಿಷಯ ಇನ್ನೊಂದು ಮಾತು ಕೇಳುತ್ತದೆ. ಕೊಲೆಯಂಥ ಕೇಸಿನಲ್ಲಿ ಆರೋಪಿಯ ವಕೀಲ ಜ್ಯೂರಿಯನ್ನು (ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಗುಂಪನ್ನು) ಉದ್ದೇಶಿಸಿ ಮಾತಾಡಲು ಅವಕಾಶ ಸಿಕ್ಕಿದ್ದು 1836ರಲ್ಲಿ. ಆರೋಪಿ ಪ್ರಮಾಣ ಮಾಡಿ ತನ್ನ ಪರವಾಗಿ ಸಾಕ್ಷಿ ಹೇಳಬಹುದು ಅಂತ ಆದದ್ದು 1898ರಲ್ಲಿ. ವೇಗವೋ, ಕೇಳಲೇಬೇಡಿ. ಪ್ರಧಾನಿ ಸ್ಪೆನ್ಸರ್ ಪರ್ಸಿವಲ್‌ನನ್ನು 1812ರ ಮೇ 11ರಂದು ಪಾರ್ಲಿಮೆಂಟಿನ ಲಾಬಿಯಲ್ಲಿ ಜಾನ್ ಬೆಲ್ಲಿಂಗ್‌ಹ್ಯಾಮ್ ಗುಂಡಿಟ್ಟು ಕೊಂದ. 15ಕ್ಕೆ ವಿಚಾರಣೆ, 18ಕ್ಕೆ ಗಲ್ಲು. ಅಷ್ಟರಲ್ಲಿ ಒಂದು ಸಮನ್ಸ್ ಜಾರಿಯಾಗದ್ದನ್ನು ನೋಡಿದವನು ನಾನು. ಹಾಗಾಗಿ ಕಾದಂಬರಿಯಲ್ಲಿ ಅಮಾಯಕನೊಬ್ಬ ನ್ಯೂಗೇಟ್ ಜೈಲು ಸೇರಿದ ಕೂಡಲೇ ನಾಯಕ ಹಗಲುರಾತ್ರಿ ಓಡುತ್ತಾನಲ್ಲ, ಅದು ಓದುಗರನ್ನು ಹಿಡಿದಿಡುವ ಗಿಮಿಕ್ ಅಂತ ನಿಮ್ಮ ಲೇಖಕರು ಬರೆದದ್ದು ಸರಿಯಲ್ಲ. ನಿಜವಾಗಿಯೂ ಟೈಮ್ ಇರಲಿಲ್ಲ.

ನನ್ನ ಮನಸ್ಸನ್ನು ಜಾಸ್ತಿ ಕಾಡಿದ್ದು ಆಳುಗಳ ವಿಷಯ. ಯಜಮಾನ ಆಳನ್ನು ಕೊಂದರೆ ಅದು ಕೊಲೆ. ಆಳು ಯಜಮಾನನನ್ನು ಕೊಂದರೆ ಅದು ಕೊಲೆಗಿಂತ ದೊಡ್ಡದು, ಸಣ್ಣ ಪ್ರಮಾಣದ ರಾಜದ್ರೋಹ! ಹೆಂಡತಿ ಗಂಡನನ್ನು ಕೊಂದರೂ ಅದೇ. 1790ರವರೆಗೆ ಅಂಥ ಹೆಂಗಸರನ್ನು ಸುಡುವ ಶಿಕ್ಷೆ ಕಾನೂನಿನಲ್ಲಿತ್ತು. ಈ ಭೇದ ಹೋದದ್ದು 1828ರಲ್ಲಿ. ಈಗ ಕಾದಂಬರಿಯ ಆ ಮಾಮೂಲಿ ದೃಶ್ಯ ನೆನಪಿಸಿಕೊಳ್ಳಿ. ಲೈಬ್ರರಿಯಲ್ಲಿ ಲಾರ್ಡ್ ಸತ್ತು ಬಿದ್ದಿದ್ದಾನೆ. ಬಟ್ಲರ್, ಅಡುಗೆಯವಳು, ಬೆಂಕಿಗೂಡಿನ ಬೂದಿ ಗುಡಿಸುವ ಹುಡುಗಿ ಸಾಲಾಗಿ ನಿಂತಿದ್ದಾರೆ. ಯಾರೂ ಬಾಯಿ ಬಿಡುತ್ತಿಲ್ಲ. ಆಳುಗಳು ಏನೋ ಮುಚ್ಚಿಡುತ್ತಿದ್ದಾರೆ ಅಂತ ನಾವು ಅನುಮಾನ ಪಡುತ್ತೇವೆ. ಬಾಯಿ ಬಿಟ್ಟರೆ ಆ ಹುಡುಗಿಗೆ ಏನಾಗಬಹುದಿತ್ತು ಅಂತ ನಮಗೆ ಗೊತ್ತಿದ್ದರೆ ಅವಳ ಮೌನವನ್ನು ಬೇರೆ ಥರ ಓದುತ್ತೇವೆ. ಅಂಗಡಿಯಿಂದ ಗುಟ್ಟಾಗಿ ಐದು ಶಿಲಿಂಗ್ ಬೆಲೆಯ ಮಾಲು ಕದ್ದರೂ ಗಲ್ಲಿನ ಶಿಕ್ಷೆ ಇದ್ದ ಕಾಲ. ಅದನ್ನು ತೆಗೆಯೋಣ ಅಂತ ಪಾರ್ಲಿಮೆಂಟ್ ಸದಸ್ಯ ಸಾಮ್ಯುಯೆಲ್ ರೊಮಿಲಿ 1810ರಲ್ಲಿ ತಂದ ಮಸೂದೆಯನ್ನು ಬೀಳಿಸಿದ್ದು ಇದೇ ಲಾರ್ಡ್‌ಗಳ ಸಭೆ. ಒಳ್ಳೆಯ ಲೇಖಕಿ ಇದನ್ನೆಲ್ಲ ಭಾಷಣ ಮಾಡದೆ ಆ ಹುಡುಗಿಯ ಏಪ್ರನ್ ಹಿಂಡುವ ಕೈಯಲ್ಲೇ ತೋರಿಸುತ್ತಾಳೆ. ನಾಯಕ ಅಲ್ಲೇ ನಿಂತಿರುತ್ತಾನೆ, ಆದರೆ ಅವನ ಬಿರುದೇ ಅವಳ ಬಾಯಿ ಕಟ್ಟಿಹಾಕಿದೆ ಅಂತ ಅವನಿಗೆ ಹೊಳೆಯೋದು ತಡವಾಗಿ. ಇದು ಸಿರಿವಂತರ ಭಜನೆಯಾ?

ಹಾಗಂತ ಈ ಸರಣಿಗಳಲ್ಲಿ ಹುಳುಕು ಇಲ್ಲ ಅನ್ನುವುದಿಲ್ಲ. ಬೇಕಾದಷ್ಟಿದೆ. ಪ್ರತಿ ನಾಯಕನಿಗೂ ಒಬ್ಬ ಶಸ್ತ್ರವೈದ್ಯ ಗೆಳೆಯ, ಅವನು ಹೆಣ ನೋಡಿದ ಕೂಡಲೇ ವಿಷ ಅಂತ ಹೇಳಿಬಿಡುತ್ತಾನೆ. ಆರ್ಸೆನಿಕ್ ಇದೆ ಅಂತ ಕೋರ್ಟಿನಲ್ಲಿ ನಿಲ್ಲುವ ಹಾಗೆ ತೋರಿಸುವ ಮಾರ್ಷ್ ಪರೀಕ್ಷೆ ಬಂದದ್ದು 1836ರಲ್ಲಿ. ಬೆರಳಚ್ಚು ಲಂಡನ್ ಪೊಲೀಸರ ಮುಖ್ಯ ಕಚೇರಿ ಸ್ಕಾಟ್ಲೆಂಡ್ ಯಾರ್ಡ್‌ಗೆ ಬಂದದ್ದು 1901ರಲ್ಲಿ. ಕೆಲವರ ಪುಸ್ತಕದಲ್ಲಿ ಊರ ತುಂಬ ಗ್ಯಾಸ್ ದೀಪ. ಪಾಲ್ ಮಾಲ್‌ನಲ್ಲಿ 1807ರಲ್ಲಿ ಹಚ್ಚಿ ತೋರಿಸಿದ್ದು ನಿಜ, ಆದರೆ 1811ರ ಬಡ ಬೀದಿಗಳಲ್ಲಿ ಎಣ್ಣೆ ದೀಪವೇ ಗತಿ. ಇನ್ನು ನಾಯಕನ ವಿಚಾರಗಳೋ, ನಿನ್ನೆ ಕಾಲೇಜಿನಿಂದ ಬಂದವನ ಥರ. ಹೆಂಗಸರ ಹಕ್ಕು, ಗುಲಾಮಗಿರಿ, ಬಡವರ ಪಾಡು, ಎಲ್ಲದರಲ್ಲೂ ಅವನು ಸರಿಯಾದ ಕಡೆಗೇ ಇರುತ್ತಾನೆ. ಒಂದಾದರೂ ಕೆಟ್ಟ ಅಭಿಪ್ರಾಯ ಇಟ್ಟುಕೊಳ್ಳಪ್ಪಾ ಅನಿಸುತ್ತದೆ.

ಆದರೂ ಶವ ಪಂಚನಾಮೆಯ ದೃಶ್ಯಗಳನ್ನು ಮಾತ್ರ ಬಹಳ ಮಂದಿ ಚೆನ್ನಾಗಿ ಬರೆಯುತ್ತಾರೆ. ಆಗ ಅದು ನಡೆಯುತ್ತಿದ್ದುದು ಸಾಮಾನ್ಯವಾಗಿ ಹತ್ತಿರದ ಹೆಂಡದಂಗಡಿಯಲ್ಲಿ. ಸಾವಿನ ಕಾರಣ ವಿಚಾರಿಸುವ ಅಧಿಕಾರಿ ಕಾರೊನರ್ ಮೇಜಿನ ತುದಿಯಲ್ಲಿ, ಅಕ್ಕಪಕ್ಕದ ಅಂಗಡಿಯವರೇ ಜ್ಯೂರಿ. ಜ್ಯೂರಿಯವರು ಎದ್ದು ಹೋಗಿ ಹೆಣವನ್ನು ಕಣ್ಣಾರೆ ನೋಡಲೇಬೇಕು, ಆಮೇಲೆ ಬಂದು ಕೂರಬೇಕು. ಬಿಯರಿನ ವಾಸನೆ, ಒದ್ದೆ ಕೋಟು, ಬಾಗಿಲಲ್ಲಿ ನೂಕುನುಗ್ಗಲು. ಶಸ್ತ್ರವೈದ್ಯರಿಗೆ ಮಾರಲು ಗೋರಿ ಅಗೆಯುವ ಹೆಣಗಳ್ಳರ ಕಾನೂನೂ ಹಾಗೇ ಮಜಾ. ಹೆಣ ಯಾರ ಆಸ್ತಿಯೂ ಅಲ್ಲವಾದ್ದರಿಂದ ಗೋರಿಯಿಂದ ಹೆಣ ಕದ್ದರೆ ಸಣ್ಣ ಅಪರಾಧ. ಅದರ ಮೇಲಿನ ಬಟ್ಟೆ ಕದ್ದರೆ ಕಳ್ಳತನ, ದೊಡ್ಡ ಶಿಕ್ಷೆ. ಹಾಗಾಗಿ ಬಟ್ಟೆ ಬಿಚ್ಚಿ ಗುಂಡಿಗೇ ಹಾಕಿ ಹೆಣ ಮಾತ್ರ ಒಯ್ಯುತ್ತಿದ್ದರು.

ಹೊಸದಾಗಿ ಓದುವವರಿಗೆ ಬಿರುದುಗಳ ಏಣಿ ತಲೆಕೆಡಿಸುತ್ತದೆ. ನಾನು ಅದನ್ನು ನೆನಪಿಟ್ಟುಕೊಂಡದ್ದು ಒಬ್ಬನ ಸಹಾಯದಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ. ಅವನು 1809ರಲ್ಲಿ ವೈಕೌಂಟ್ ವೆಲಿಂಗ್ಟನ್, 1812ರಲ್ಲಿ ಅರ್ಲ್, ಅದೇ ವರ್ಷ ಮಾರ್ಕ್ವೆಸ್, 1814ರಲ್ಲಿ ಡ್ಯೂಕ್. ಸರಣಿಯ ಪುಸ್ತಕದಿಂದ ಪುಸ್ತಕಕ್ಕೆ ಅವನ ಹೆಸರಿನ ಹಿಂದಿನ ಬಿರುದು ಏರುತ್ತಾ ಹೋಗುತ್ತದೆ. ಕಥೆ ಯಾವ ವರ್ಷದಲ್ಲಿದೆ ಅಂತ ತಿಳಿಯೋಕೆ ಅದೇ ಸಾಕು. ಇನ್ನೊಂದು. ನಾಯಕ ಓಡಾಡುವ ಅದೇ ಲಂಡನ್ನಿನ ಲೆಡೆನ್‌ಹಾಲ್ ಸ್ಟ್ರೀಟ್‌ನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ, 1808ರಿಂದ ಟಿಪ್ಪುವಿನ ಮರದ ಹುಲಿಯನ್ನು ಜನ ನೋಡೋಕೆ ಇಟ್ಟಿದ್ದರು. ದೊಡ್ಡ ಮನೆಯ ದೃಶ್ಯ ಬಂದಾಗಲೆಲ್ಲ ಈ ದುಡ್ಡು ಎಲ್ಲಿಂದ ಬಂತು ಅಂತ ನಾನು ಕೇಳಿಕೊಳ್ಳುತ್ತೇನೆ. ಕಂಪನಿಯದಾ, ಕೆರಿಬಿಯನ್ ಸಕ್ಕರೆ ತೋಟದ್ದಾ? ಗುಲಾಮರ ವ್ಯಾಪಾರ 1807ರಲ್ಲಿ ನಿಂತಿತ್ತು, ಗುಲಾಮರನ್ನು ಇಟ್ಟುಕೊಳ್ಳೋದು ನಿಂತಿರಲಿಲ್ಲ. ಕೊಲೆಯ ಕಾರಣ ಎಷ್ಟೋ ಸಲ ಆ ಲೆಕ್ಕದ ಪುಸ್ತಕದಲ್ಲೇ ಅಡಗಿರುತ್ತದೆ.

ಇಂಥ ಸರಣಿಯನ್ನು ಮೊದಲಿನಿಂದ ಓದಬೇಕು. ಒಂದೊಂದು ಕೊಲೆ ಒಂದೊಂದು ಪುಸ್ತಕದಲ್ಲಿ ಮುಗಿದರೂ ನಾಯಕನ ಮನೆಯ ಜಗಳ, ಅಪ್ಪನ ಗುಟ್ಟು, ಮದುವೆ ಇವೆಲ್ಲ ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಕೊನೆಯಲ್ಲಿ ಲೇಖಕರ ಟಿಪ್ಪಣಿ ಇದ್ದರೆ ಬಿಡಬೇಡಿ, ಯಾವುದು ನಿಜ, ಯಾವುದು ಕಟ್ಟಿದ್ದು ಅಂತ ಅಲ್ಲಿ ಹೇಳಿರುತ್ತಾರೆ. ಆದರೆ ಅದನ್ನು ಮೊದಲೇ ಓದಿದರೆ ಕಥೆ ಕೆಟ್ಟಿತು.

ಕೆಡುವ ಮಾತು ಬಂದದ್ದರಿಂದ ಕೊನೆಗೆ ಒಂದು ತಕರಾರು, ಇದು ಸಂಪಾದಕರಿಗೇ. ನಿಮ್ಮ ಲೇಖಕರು ಮೂರನೇ ಪ್ಯಾರಾದಲ್ಲಿ ಉದಾಹರಣೆಗೆ ಅಂತ ಒಂದು ಪುಸ್ತಕದ ಕೊಲೆಗಾರ ಯಾರು ಅಂತ ನೇರವಾಗಿ ಬರೆದುಬಿಟ್ಟಿದ್ದಾರೆ. ಆ ಪುಸ್ತಕ ನನ್ನ ಮೇಜಿನ ಮೇಲೆ ಅರ್ಧ ಓದಿ ಮಗುಚಿಟ್ಟಿತ್ತು. ಅವರು ಭಜನೆ ಅಂದದ್ದನ್ನು ಬೇಕಾದರೆ ಬಿಡುತ್ತೇನೆ, ಇದನ್ನು ಬಿಡಲಾರೆ. ಮುಂದಿನ ಸಲ ಇಂಥ ಲೇಖನ ಬಂದರೆ ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ ಅಚ್ಚಿಗೆ ಕಳಿಸಿ.

ಇತಿ,
ನಿಮ್ಮ ಹಳೆಯ ಓದುಗ,
ಒಬ್ಬ ನಿವೃತ್ತ ಬೆಂಚ್ ಕ್ಲರ್ಕ್